ಟೋಕನ್ ನಂಬರು 2716

ಕೆಲಸ ಬಿಟ್ಟು ನಲವತ್ತು ದಿನವಾಗಿತ್ತು.
ಕತ್ತರಿ, ಟೇಪು, ಕೊರಳ ಚೀಟಿ ಎಲ್ಲ ಒಪ್ಪಿಸಿ
ಮಾಚೇನಹಳ್ಳಿಯ ಗೇಟಿನಲ್ಲಿ ಸಹಿ ಹಾಕಿ ಬಂದವಳು
ಹರಿಗೆಯ ಈ ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದೆ.
ಟಣ್ ಅಂತು ಮೊಬೈಲು:
ಹನ್ನೊಂದು ಸಾವಿರದ ಎಂಟುನೂರ ನಲವತ್ತು ಜಮಾ.

ಸಂಬಳ!
ಐದು ನಿಮಿಷ ತಡವಾದರೆ ಅರ್ಧ ದಿನ ಕತ್ತರಿಸಿದವರು
ನಾನೇ ಇಲ್ಲದ ತಿಂಗಳಿಗೆ
ಪೂರ್ತಿ ಹಾಜರಿ ಕೊಟ್ಟಿದ್ದರು.

ಸುಳ್ಳು ಯಾಕೆ ಹೇಳಲಿ, ಮೊದಲು ಖುಷಿಯೇ ಆಯಿತು.
ಓವರ್‌ಲಾಕ್ ಮೆಷಿನ್ನಿನ ಕಂತು ಬಾಕಿಯಿತ್ತು.
ಇಟ್ಕೋ, ಅಂದಳು ಎದುರಿನ ಗಿರಣಿಯ ಮೆಹರಕ್ಕ,
ಆರು ವರ್ಷ ಉಚ್ಚೆ ತಡ್ಕೊಂಡು ಕೂತಿದ್ದೆಯಲ್ಲ,
ಅದರ ಲೆಕ್ಕ ಅಂತ ತಿಳ್ಕೋ.

ಲೆಕ್ಕ ಸರಿಯಾಗಿಯೇ ಇತ್ತು.
ಆದರೂ ಎರಡು ರಾತ್ರಿ, ಅಂಚಿನಲ್ಲಿ ಬಿಟ್ಟುಹೋದ
ಗುಂಡುಸೂಜಿಯ ಹಾಗೆ ಎಲ್ಲೋ ಚುಚ್ಚುತ್ತಿತ್ತು.
ಹಿಂದೆಯೇ ಬಂದ ಪಗಾರದ ಚೀಟಿ ಮತ್ತೆ ತೆಗೆದೆ:
ಹಾಜರಿ ಇಪ್ಪತ್ತಾರು, ಓಟಿ ಹದಿನಾಲ್ಕು ತಾಸು.
ಸುಮ್ಮನೆ ಕೈತಪ್ಪಿ ಬಿದ್ದ ದುಡ್ಡಿಗೆ ಓಟಿ ಇರುತ್ತದೆಯೇ?
ಯಾರೋ ಹದಿನಾಲ್ಕು ತಾಸು ಹೆಚ್ಚಿಗೆ ಕೂತು ಹೊಲಿದಿದ್ದಾಳೆ.

ಆಗ ನೆನಪಾದಳು.
ಇಪ್ಪತ್ತೇಳು ಅರವತ್ತೊಂದು, ನಾಲ್ಕನೇ ಲೈನಿನ ಕಾಲರ್ ಗುಲಾಬಿ.
ನಾನು ಇಪ್ಪತ್ತೇಳು ಹದಿನಾರು, ಚೆಕ್ಕಿಂಗ್ ಗುಲಾಬಿ.
ನನ್ನ ಎಸ್ ನಮ್ಮಪ್ಪ ಸುಬ್ರಾಯ,
ಅವಳ ಎಸ್ ಅವಳ ಗಂಡ ಶೇಷಪ್ಪ.
ಅಪ್ಪ ತೀರಿಕೊಂಡರು, ಗಂಡ ಬಿಟ್ಟುಹೋದ,
ಎಸ್ ಮಾತ್ರ ಇಬ್ಬರಲ್ಲೂ ಉಳಿದಿದೆ.
ಮೈಕಿನಲ್ಲಿ ಹೆಸರು ಕೂಗಿದರೆ ಇಬ್ಬರೂ ತಲೆ ಎತ್ತುತ್ತಿದ್ದೆವು,
ಬೈಗುಳವಾದರೆ ಇಬ್ಬರೂ ತಗ್ಗಿಸುತ್ತಿದ್ದೆವು.
ಮಾತಾಡಿದ್ದು ಕಡಿಮೆ.

ಆಫೀಸಿಗೆ ಫೋನು ಮಾಡಿದೆ.
ನೀವೀಗ ನಮ್ಮ ಸಿಬ್ಬಂದಿಯಲ್ಲ, ಅಂತು ಒಂದು ಎಳೆಯ ದನಿ,
ಹೊರಗಿನವರ ದೂರು ತಗೊಳ್ಳೋದಿಲ್ಲ.
ಅಪ್ಪಾ, ದೂರಲ್ಲ, ಕೊಡ್ತೀನಿ ಅಂತಿದ್ದೀನಿ.
ಕೊಡೋಕೂ ಟೋಕನ್ ನಂಬರು ಬೇಕು ಮೇಡಂ,
ನಿಮ್ಮದು ಮುಚ್ಚಿದೆ.
ಮುಚ್ಚಿದ ನಂಬರಿಗೆ ಸಂಬಳ ಹೇಗೆ ಬಂತು?
ಸಿಸ್ಟಮ್ಮು, ಅಂದ.
ಸ್ವಲ್ಪ ಬಿಟ್ಟು, ಊಟದ ಟೈಮು, ಅಂದ.

ಸಂಜೆ ಮಲವಗೊಪ್ಪದ ತಿರುವಿನಲ್ಲಿ ಕಾದೆ.
ಮೂರನೇ ಬಸ್ಸಿನಿಂದ ಇಳಿದಳು, ಕೂದಲಲ್ಲಿ ಬಿಳಿ ನೂಲಿನ ಎಳೆ.
ದುಡ್ಡು ಅಂದದ್ದೇ ನನ್ನ ಮುಖ ಬಿಟ್ಟು ಕೈ ನೋಡಿದಳು.
ಎಟಿಎಂ ಕೊಟ್ಟ ನೋಟು,
ಮೇಲಿನ ನಲವತ್ತು ನನ್ನ ಡಬ್ಬಿಯ ಚಿಲ್ಲರೆ.
ಕಬ್ಬಿನ ಹಾಲಿನ ಗಾಡಿಯ ಹಲಗೆಯ ಮೇಲೆ
ಎರಡು ಸಲ ಎಣಿಸಿದಳು.
ಹದಿನೈದು ದಿನ ಅಲೆಸಿದರು ಕಣೇ, ಅಂದಳು,
ನೀನು ಕೆಲಸ ಬಿಟ್ಟಿದ್ದೀಯ ಅಂತ ನನಗೇ ಹೇಳಿದರು,
ನಾನು ಮೆಷಿನ್ ಮುಂದೆ ಕೂತಿರುವಾಗಲೇ.

ನಗಬಾರದಿತ್ತು. ನಕ್ಕೆವು.
ಮಗಳ ಫೀಸಿಗೆ ಮೂಗುತಿ ಅಡವಿಟ್ಟಿದ್ದಳು,
ತೂತು ಮುಚ್ಚದಿರಲೆಂದು ಸಿಕ್ಕಿಸಿದ ಪೊರಕೆ ಕಡ್ಡಿಯ ಚೂರು
ಅವಳ ಜೊತೆಗೇ ಅಲುಗಿತು.

ಮುಗಿಯಿತು ಅಂದುಕೊಂಡೆ.
ಮೊನ್ನೆ ರಿಜಿಸ್ಟರ್ ಪತ್ರ:
ತಪ್ಪಾಗಿ ಪಾವತಿಯಾದ ಹದಿಮೂರು ಸಾವಿರದ ಐನೂರ ಎಪ್ಪತ್ತು
ಏಳು ದಿನದೊಳಗೆ ಕಟ್ಟತಕ್ಕದ್ದು.
ಬಂದದ್ದು ಹನ್ನೊಂದು ಚಿಲ್ಲರೆ, ಕೇಳುವುದು ಹದಿಮೂರು ಚಿಲ್ಲರೆ,
ನಡುವಿನದು ಪಿಎಫ್ಫು, ಇಎಸ್‌ಐ;
ನಾನು ಕಣ್ಣಿಂದ ಕಾಣದ್ದನ್ನೂ ನಾನೇ ತಿರುಗಿಸಬೇಕು.
ಕೈಯಲ್ಲಿ ಕೊಟ್ಟದ್ದು ರೆಕಾರ್ಡಿಗೆ ಬರೋದಿಲ್ಲ, ಅಂತು
ಅದೇ ಎಳೆಯ ದನಿ. ಪಾಪ, ಅವನಿಗೂ ಎಷ್ಟು ಕತ್ತರಿಸುತ್ತಾರೋ.

ಭಾನುವಾರ ಕಾಲರ್ ಗುಲಾಬಿ ಅಂಗಡಿಗೆ ಬಂದಳು.
ಬ್ಲೌಸಿನ ಅಳತೆ ಬರೆಯುವ ಪುಸ್ತಕದ ಹಾಳೆ ಹರಿದು
ಉತ್ತರ ಬರೆದೆವು. ಅವಳು ಹೇಳಿದಳು, ನಾನು ಬರೆದೆ,
ಕಾಗುಣಿತ ತಪ್ಪಿದಲ್ಲಿ ಅವಳೇ ತಿದ್ದಿದಳು.
ಕೆಳಗೆ ಸಹಿ, ಒಂದರಡಿ ಒಂದು:
ಗುಲಾಬಿ ಎಸ್.
ಗುಲಾಬಿ ಎಸ್.
ಯಾವುದು ಯಾರದೆಂದು ಸಿಸ್ಟಮ್ಮು ಹುಡುಕಲಿ.

ಅಂಚೆಯ ಖರ್ಚು ಅವಳೇ ಕೊಟ್ಟಳು, ಚಿಲ್ಲರೆಯಲ್ಲಿ.
ನನ್ನ ಆ ನಲವತ್ತೇ ಇರಬೇಕು.